ಕೊಡದ ಬಾಡಿಗೆ

ನಮ್ಮ ಮನೆತನದಲ್ಲಿ ಬಿ.ಎ. ಪಾಸು ಮಾಡಿದವಳು ನಾನೇ ಮೊದಲು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಪ್ಪ ಎಸ್ಟೇಟುಗಳಿಂದ ಎತ್ತಿನ ಗಾಡಿಯಲ್ಲಿ ಕಾಫಿ ಮೂಟೆ ಸಾಗಿಸುತ್ತಿದ್ದರು. ಅವ್ವ ವ್ಯಾಪಾರಿಗಳ ಮಂಡಿಯಲ್ಲಿ ಕೂತು ಕಾಫಿ ಬೀಜ ಆರಿಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಆರಿಸುವ ಕೂಲಿಯಲ್ಲೇ ನಾನು ಮಡಿಕೇರಿಯಲ್ಲಿ ಕಾಲೇಜು ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಜಂಬವೇ ಇದೆ. ಆದರೆ ಆ ಓದು ನಯಾಪೈಸೆಯ ಉಪಯೋಗಕ್ಕೂ ಬಾರದ ಒಂದು ಸಂಗತಿ ಬರೆಯಬೇಕಾಗಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ ಅಪ್ಪ ಕಟ್ಟಿಸಿದ ಹೆಂಚಿನ ಮನೆ ನಮ್ಮದು. ರಸ್ತೆ ಬದಿಗಿದ್ದ ಕೋಣೆಯಲ್ಲಿ ಮಲಬಾರಿನಿಂದ ಬಂದ ಒಬ್ಬರು ಮಾಪಿಳ್ಳೆ ಮುಸಲ್ಮಾನ ದರ್ಜಿ ಬಾಡಿಗೆಗಿದ್ದರು. ಪೇಟೆಯೆಲ್ಲ ಅವರನ್ನು ಕಾಕ ಎನ್ನುತ್ತಿತ್ತು, ನಾವೂ ಹಾಗೇ. ಅವರ ಹೆಂಡತಿ ಹೆರಿಗೆಗೆಂದು ಘಟ್ಟ ಇಳಿದು ತವರಿಗೆ ಹೋದವಳು ಅಲ್ಲೇ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆ ವರ್ಷದ ಹುತ್ತರಿ ಸುಗ್ಗಿ ಹಬ್ಬಕ್ಕೆ ಅಪ್ಪ ಅವರನ್ನು ಮನೆಯೊಳಗೆ ಕರೆದು, ಹೊಸ ಅಕ್ಕಿಯ ಪಾಯಸ ಬಡಿಸಿ, "ಇನ್ನು ಈ ಕೋಣೆಗೆ ನಿಮ್ಮ ಹತ್ರ ಕಾಸು ಮುಟ್ಟುದಿಲ್ಲ" ಅಂದುಬಿಟ್ಟರು. ಹೊಸ ಅಕ್ಕಿಯ ಮುಂದೆ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಅಪ್ಪ ಹೋದ ಮೇಲೆ ಕಾಕ ಬಾಡಿಗೆ ಕೊಡಲು ಬಂದರೆ ಅವ್ವ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಳು. ನಾನು ಕಾಲೇಜಿಗೆ ಹಾಕಿಕೊಂಡು ಹೋದ ಅಷ್ಟೂ ರವಿಕೆ ಕಾಕ ಹೊಲಿದವು.

ಆದರೆ ವಿಧವೆಯ ಮನೆಯಲ್ಲಿ ಹೆಂಡತಿಯಿಲ್ಲದ ಗಂಡಸು ಪುಕ್ಕಟೆ ಇದ್ದಾನೆ ಅಂದರೆ ಪೇಟೆಯ ಬಾಯಿ ಸುಮ್ಮನಿರುತ್ತದೆಯೆ? ಅದಕ್ಕೇ ಅವ್ವ ಕೇಳಿದವರಿಗೂ ಕೇಳದವರಿಗೂ, "ಕಾಕ ತಿಂಗ್ಳು ತಿಂಗ್ಳು ಬಾಡಿಗೆ ಕೊಡ್ತಾರೆ" ಎನ್ನುತ್ತಿದ್ದಳು. ಮದುವೆಗೆ ಬಂದ ಮಗಳಿದ್ದಳಲ್ಲ, ನಾನು. ಆ ಸುಳ್ಳಿನಲ್ಲಿ ಅರ್ಧ ನನ್ನ ಸಲುವಾಗಿಯೇ ಹುಟ್ಟಿದ್ದು.

ಈ ನಡುವೆ ಮನೆ ಕಂದಾಯದಲ್ಲಿ ನಮಗೊಂದು ರಿಯಾಯಿತಿ ಇತ್ತು. ಸ್ವಂತ ಮನೆಯಲ್ಲಿರುವ ವಿಧವೆಗೆ, ಆ ಮನೆಯಿಂದ ಬಾಡಿಗೆ ಬಾರದಿದ್ದರೆ, ಕಂದಾಯದ ದೊಡ್ಡ ಪಾಲು ಮಾಫಿ. ಅಪ್ಪ ಸತ್ತ ವರ್ಷವೇ ಅವ್ವ ಅರ್ಜಿ ಹಾಕಿ, ಬಾಡಿಗೆ ಬರುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಿದ್ದಳು. ಅದು ಸತ್ಯವೇ.

ನಾನು ಡಿಗ್ರಿ ಮುಗಿಸಿ ಮನೆಗೆ ಬಂದಿದ್ದಾಗ, ಹಳೆಯ ರಿಯಾಯಿತಿಗಳನ್ನೆಲ್ಲ ತಪಾಸಣೆ ಮಾಡಲು ಕಂದಾಯದ ಆಫೀಸಿನಿಂದ ಕೊಡೆ ಹಿಡಿದ ಒಬ್ಬ ಮನುಷ್ಯ ಬಂದ. ಸಂತೆಯ ದಿನ. ಬೀದಿ ನಲ್ಲಿಯ ಸುತ್ತ ಹೆಂಗಸರ ಕೊಡಗಳ ಸಾಲು. ಅವ್ವ ಅಲ್ಲೇ ನಿಂತಿದ್ದಳು, ಅವನು ಅಲ್ಲೇ ಕೇಳಿದ.

"ಮನೇಲಿ ಯಾರ್ಯಾರಿದ್ದೀರಮ್ಮ?"

"ನಾನು, ಮಗಳು. ಅವಳದ್ದು ಬಿ.ಎ. ಆಗಿದೆ."

"ಅದು ನಂಗೆ ಬೇಡ. ಆ ಮುಂದಿನ ಕೋಣೆ?"

ಪಕ್ಕದ ಕರಿಮೆಣಸು ಅಂಗಡಿಯವರ ಹೆಂಡತಿ ಬಾಯಿ ಹಾಕಿದಳು. "ದರ್ಜಿ ಕಾಕಂದು ಸಾರ್. ಬಾಡಿಗೆಗೆ ಇರೋದಂತೆ." ಆ 'ಅಂತೆ'ಯನ್ನು ಆಕೆ ಎಳೆದ ರೀತಿಗೆ ಕೊಡ ಹಿಡಿದಿದ್ದವರೆಲ್ಲ ಕಿಸಕ್ಕೆಂದರು.

ಅವ್ವ ಕೊಡ ಕೆಳಗಿಟ್ಟಳು. "ಅಂತೆ ಎಂತದ್ದು? ಕೊಡ್ತಾರೆ. ತಿಂಗ್ಳು ತಿಂಗ್ಳು. ಬರ್ಕೊಳಿ."

ಅವನು ಬರೆದುಕೊಂಡ.

ಕೆಲವೇ ವಾರಗಳಲ್ಲಿ ನೋಟೀಸು ಬಂತು. ತಪ್ಪು ಹೇಳಿಕೆಯಿಂದ ಪಡೆದ ರಿಯಾಯಿತಿ, ಅಷ್ಟೂ ವರ್ಷದ್ದನ್ನು ದಂಡ ಸೇರಿಸಿ ಒಟ್ಟಿಗೆ ಕಟ್ಟಬೇಕು, ತಪ್ಪಿದರೆ ಮನೆಯಲ್ಲಿರುವ ಸಾಮಾನು ಜಫ್ತಿ. ಅವ್ವ ಅರ್ಜಿಯಲ್ಲಿ ಹೇಳಿದ್ದು ನಿಜ, ನಲ್ಲಿಯ ಹತ್ತಿರ ಹೇಳಿದ್ದು ಸುಳ್ಳು. ಆಫೀಸು ನಲ್ಲಿಯ ಮಾತನ್ನು ನಂಬಿತ್ತು.

ನಮ್ಮ ಮನೆಯಲ್ಲಿ ಜಫ್ತಿ ಮಾಡುವಂಥದ್ದು ಏನಿತ್ತು? ಒಂದು ತಾಮ್ರದ ಹಂಡೆ, ನಾಲ್ಕು ಹಿತ್ತಾಳೆ ಪಾತ್ರೆ. ಬೆಲೆಬಾಳುವ ವಸ್ತು ಅಂದರೆ ಕಾಕನ ಹೊಲಿಗೆ ಮಷಿನ್ನು. ಅದು ನಮ್ಮದಲ್ಲ, ಆದರೆ ನಮ್ಮ ಸೂರಿನ ಕೆಳಗಿತ್ತು. ಅದು ಹೋದರೆ ಕಾಕನ ಅನ್ನ ಹೋಯಿತು.

ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಧೈರ್ಯವಾಗಿಯೇ ಆಫೀಸಿಗೆ ಹೋದೆ. ಗುಮಾಸ್ತರು ವಯಸ್ಸಾದವರು, ಹಾಸನದ ಕಡೆಯ ಮಾತು. ಕೂರಲು ಬೆಂಚು ತೋರಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕೇಳಿ ಅವರು ಕನ್ನಡಕ ತೆಗೆದರು.

"ನೀನು ಹೇಳೋದು ನಿಜಾನೇ ಇರ್ಬೋದು ಕಣವ್ವ. ಆದ್ರೆ ಮನೆ ನಿಂದಲ್ಲ, ನಿಮ್ಮವ್ವಂದು. ಬಾಡಿಗೆ ಒಂದು ಕಾಸೂ ತಗೊಂಡಿಲ್ಲ ಅಂತ ಆಕೆ ಹೇಳಿಕೆ ಕೊಡ್ಲಿ. ನೆರೆಮನೆಯವರು ಇಬ್ರು ಸಾಕ್ಷಿ ಹಾಕ್ಲಿ. ಸಾಹೇಬ್ರ ಮುಂದೆ ನಾನಿಡ್ತೀನಿ."

"ಸಾಕ್ಷಿ ಬೇರೆ ಊರಿನವರದ್ದು ಆಗೋದಿಲ್ವ?"

"ಅಲ್ಲಿ ಅಮ್ಮತ್ತಿ ಊರಲ್ಲಿರೋರಿಗೆ ನಿಮ್ಮನೆ ಬಾಡಿಗೆ ಹೆಂಗೆ ಗೊತ್ತಿರ್ತದೆ?"

ಅದೂ ಸರಿಯೇ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಆಕೆ ಮೀನು ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಲಿಲ್ಲ.

"ಇಷ್ಟು ವರ್ಷ ಕೊಡ್ತಾರೆ ಕೊಡ್ತಾರೆ ಅಂದವಳು ಈಗ ಆ ಮೆಣಸಿನವಳ ಮನೆಗೆ ಹೋಗಿ, ಇಲ್ಲ ತಂಗಿ, ಪುಕ್ಕಟೆಗೇ ಇಟ್ಕೊಂಡಿದ್ದೆ, ಒಂದು ಸಹಿ ಹಾಕು ಅನ್ಬೇಕಾ? ಮನೆಯ ಹೆಂಚು ಬೇಕಾದ್ರೆ ಇಳಿಸ್ಕೊಂಡು ಹೋಗ್ಲಿ."

"ಹೆಂಚಲ್ಲ ಅವ್ವ, ಕಾಕನ ಮಷಿನ್ನು ಹೋಗ್ತದೆ."

ಆಗ ಕತ್ತಿ ನಿಂತಿತು. "ನೀನು ಬಿ.ಎ. ಅಲ್ವ. ಸುಳ್ಳೂ ಆಗದ ಹಾಗೆ, ನಿಜಾನೂ ಗೊತ್ತಾಗದ ಹಾಗೆ ಇಂಗ್ಲೀಷಿನಲ್ಲಿ ಎಂತಾದ್ರೂ ಬರಿ."

ನಾನು ಬರೆದೆ. ಎಷ್ಟೋ ಹಾಳೆ ಬರೆದೆ. ಒಳ್ಳೆಯ ಇಂಗ್ಲಿಷೇ. ಬಾಡಿಗೆ ತೆಗೆದುಕೊಂಡಿಲ್ಲ ಎಂಬ ಆ ಒಂದು ವಾಕ್ಯ ಇಲ್ಲದೆ ಯಾವ ಅರ್ಜಿಯೂ ನಿಲ್ಲುತ್ತಿರಲಿಲ್ಲ, ಆ ವಾಕ್ಯ ಹೇಳಬೇಕಾದವಳು ಹೇಳುತ್ತಿರಲಿಲ್ಲ. ಕಂತಿನಲ್ಲಿ ಕಟ್ಟುತ್ತೇವೆ ಎಂದು ಕೇಳಿದೆ. ಮೊದಲು ಒಂದು ಪಾಲು ಕಟ್ಟಿ, ಆಮೇಲೆ ಕೇಳಿ ಅಂದರು. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ.

ಕೋಣೆಗೂ ನಡುಮನೆಗೂ ಮಧ್ಯೆ ಇದ್ದದ್ದು ಬರೀ ಹಲಗೆಯ ಗೋಡೆ. ಕಾಕನಿಗೆ ಎಲ್ಲ ಕೇಳಿಸಿತ್ತು. ಒಂದು ಬೆಳಿಗ್ಗೆ ಹಿಂಬಾಗಿಲಲ್ಲಿ ನಿಂತು, ತಮ್ಮ ಮಲಯಾಳದಲ್ಲಿ ಮಗಳೇ ಎಂದು ಕರೆದು, "ಮೋಳೇ, ನಾನೇ ಆಫೀಸಿಗೆ ಬರ್ತೇನೆ. ಕೊಟ್ಟಿಲ್ಲ ಅಂತ ನಾನೇ ಹೇಳ್ತೇನೆ" ಅಂದರು.

ನಾನು ಬಾಯಿ ತೆಗೆಯುವುದರೊಳಗೆ ಅವ್ವ ಒಳಗಿಂದಲೇ, "ಕಾಕಾ, ನೀವು ಹಾಗೆ ಹೇಳಿದ್ರೆ ನಾನು ಈ ಬೀದಿಯಲ್ಲಿ ತಲೆಯೆತ್ತುದು ಹೇಗೆ?" ಅಂದಳು. ಗದರಿದ್ದಲ್ಲ, ಬೇಡಿಕೊಂಡದ್ದು. ಅವ್ವ ಯಾರನ್ನಾದರೂ ಬೇಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕಾಕ ತಲೆಯಾಡಿಸಿದರು. "ಹಾಗಾದ್ರೆ ನಾನು ಹೊರಡ್ತೇನೆ."

ಹೋಗಬೇಡಿ ಎಂದು ನಾನು ಹೇಳಿದೆ. ಬೇಡ ಎಂದು ಹೇಳುವುದು ಸುಲಭ, ಇರಿ ಎಂದು ಹೇಳಲು ನನ್ನ ಹತ್ತಿರ ಯಾವ ದಾರಿ ಇತ್ತು? ಅವರು ಇದ್ದರೆ ಮಷಿನ್ನು ಹೋಗುತ್ತದೆ. ಅದು ಉಳಿಯಬೇಕಾದರೆ ಅವ್ವನ ಮಾನ ಹೋಗುತ್ತದೆ. ಕಾಕ, ಜನ ಹೊಲಿಯಲು ಕೊಟ್ಟ ಬಟ್ಟೆಗಳನ್ನೆಲ್ಲ ಮುಗಿಸಿ, ಮನೆಮನೆಗೆ ತಲುಪಿಸಿ, ಮಷಿನ್ನನ್ನು ಗೋಣಿಯಲ್ಲಿ ಸುತ್ತಿ ಕೇರಳದ ಬಸ್ಸಿನ ಮೇಲೆ ಹಾಕಿಸಿದರು. ಬಸ್ ಸ್ಟ್ಯಾಂಡಿಗೆ ನಾನೊಬ್ಬಳೇ ಹೋದದ್ದು. ಬೀದಿ ನೋಡುತ್ತಿತ್ತು, ಅವ್ವ ಜಗಲಿಗೂ ಬರಲಿಲ್ಲ.

"ಅಲ್ಲಿ ನಿಮಗೆ ಯಾರಿದ್ದಾರೆ ಕಾಕ?"

"ಹೆಂಡತಿಯ ಅಣ್ಣ ಇದ್ದಾನೆ. ಇರ್ಬೇಕು" ಅಂದರು. ಆಮೇಲೆ ನನ್ನ ರವಿಕೆಯ ತೋಳು ನೋಡಿ, "ಅದು ಬಿಗಿಯಾಗಿದೆ ಮೋಳೆ, ಒಳಗೆ ಬಟ್ಟೆ ಬಿಟ್ಟಿದ್ದೇನೆ, ಹೊಲಿಗೆ ಬಿಚ್ಚಿಸ್ಕೋ" ಅಂದರು.

ಜಫ್ತಿಯವರು ಬಂದು ಹಂಡೆ, ಪಾತ್ರೆ ಒಯ್ದರು. ಬಾಕಿಯ ಒಂದು ಮೂಲೆಗೂ ಅದು ಸಾಲಲಿಲ್ಲ. ಉಳಿದದ್ದನ್ನು, ಸಿದ್ದಾಪುರದ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ, ನನ್ನ ಸಂಬಳದಿಂದ ಕಟ್ಟಿ ಮುಗಿಸಿದೆ.

ಮೊದಲ ಕಂತು ಕಟ್ಟಿದ ದಿನ ಅದೇ ಗುಮಾಸ್ತರು ದಯೆಯಿಂದಲೇ ಹೇಳಿದರು: "ಈಗ ಕೋಣೆ ಖಾಲಿ ಅಲ್ವೇನವ್ವ? ರಿಯಾಯಿತಿಗೆ ಹೊಸದಾಗಿ ಅರ್ಜಿ ಹಾಕಿ. ಈ ಸಲ ಏನೂ ತೊಂದ್ರೆ ಇಲ್ಲ." ನಾನೇ ಅರ್ಜಿ ಬರೆದು ಮನೆಗೆ ತಂದೆ. ಮನೆಯಲ್ಲಿ ಬೇರೆ ಯಾರೂ ವಾಸವಿಲ್ಲ, ಬಾಡಿಗೆ ಬರುವುದಿಲ್ಲ ಎಂದು ಓದಿ ಹೇಳಿದೆ. ಮೆಣಸಿನಂಗಡಿಯವರ ಹೆಂಡತಿ ಕೇಳಿದ ತಕ್ಷಣ ಬಂದು ಸಾಕ್ಷಿ ಹಾಕಿ, ಕಾಫಿ ಕುಡಿದು ಹೋದಳು.

ಅವ್ವ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ಇನ್ನೆಲ್ಲಾದರೂ ಒತ್ತಬೇಕಾ ಎಂದು ಕೇಳಿದಳು. ಇಲ್ಲ ಅವ್ವ, ಇಷ್ಟೇ ಅಂದೆ.