ಹೆಣ್ಣುಮಕ್ಕಳ ಪಾತೇಲಿ

ಮದುವೆಯಾಗಿ ಉದಗೀರಕ್ಕೆ ಬಂದ ಮರುದಿನ ಬೆಳಿಗ್ಗೆ ಅತ್ತೆ ನನ್ನ ಕೈಗೆ ಕೊಟ್ಟ ಚಹಾ ನನಗೆ ಇನ್ನೂ ನೆನಪಿದೆ. ಬಿಸಿಯಾಗಿತ್ತು, ಸಿಹಿಯಾಗಿತ್ತು, ಚಹಾದ ರುಚಿ ಮಾತ್ರ ಅದರಲ್ಲಿ ಇರಲಿಲ್ಲ. ಹೊಸ ಸೊಸೆ, ಕೇಳುವುದು ಹೇಗೆ? ಪ್ರಯಾಣದ ಆಯಾಸಕ್ಕೆ ನನ್ನ ನಾಲಿಗೆಯೇ ಕೆಟ್ಟಿರಬೇಕು ಅಂದುಕೊಂಡು ಕುಡಿದೆ.

ಅದರ ಮರುದಿನ ಬೇಗ ಎದ್ದು ಅಡುಗೆಮನೆಗೆ ಹೋದಾಗ ಸಂಗತಿ ತಿಳಿಯಿತು. ಮಾವ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ಪಡಸಾಲೆಗೆ ಬರುವ ಹೊತ್ತಿಗೆ ಚಹಾ ಕುದಿಯುತ್ತಿರಬೇಕು. ಅತ್ತೆ ಚಹಾ ಕುದಿಸುವ ಪಾತೇಲಿಗೆ ಕೆನೆಹಾಲು ಹಾಕಿ, ಶುಂಠಿ ಜಜ್ಜಿ, ಏಲಕ್ಕಿ ಕುಟ್ಟಿ, ಪುಡಿಯನ್ನು ಕೈಬಿಚ್ಚಿ ಹಾಕಿದರು. ಅಡುಗೆಮನೆ ಘಮಘಮ ಅನ್ನುತ್ತಿತ್ತು. ಸೋಸಿ ಗಂಡಸರಿಗೆ ಕೊಟ್ಟು ಬಂದರು. ಆಮೇಲೆ ಜರಡಿಯಲ್ಲಿ ಉಳಿದ ಚೋಥಾ ಇದೆಯಲ್ಲ, ಒಮ್ಮೆ ಕುದಿದು ಸತ್ತುಹೋದ ಆ ಪುಡಿ, ಅದನ್ನು ಚೆಲ್ಲದೆ ಇನ್ನೊಂದು ಪಾತೇಲಿಗೆ ತಟ್ಟಿ ಹಾಕಿದರು. ಮೇಲೆ ನೀರು ಹಾಕಿದರು. ಹಾಲಿನ ಪಾತ್ರೆ ತೊಳೆದ ನೀರನ್ನೂ ಅದಕ್ಕೇ ಸುರಿದರು. ಅದು ಅವರಿಗೆ, ನನಗೆ, ಆಗಿನ್ನೂ ಮದುವೆಯಾಗದ ನನ್ನ ನಾದಿನಿಗೆ.

"ಅತ್ತೀ, ಹೊಸಾ ಪುಡಿ ಹಾಕ್ಲೇನ್ರೀ?" ಅಂದೆ.

"ಯಾಕ? ಇದರಾಗ ಇನ್ನೂ ಕಸು ಅದ. ಹೆಣ್ಮಕ್ಕಳಿಗಿ ಇಷ್ಟ ಸಾಕು. ನಮ್ಮ ಅತ್ತೀನೂ ಹಿಂಗೇ ಮಾಡ್ತಿದ್ದಳು."

ಅಡುಗೆಮನೆಯ ಗೋಡೆಯ ಆಚೆಗೆ ನಮ್ಮದೇ ಕಿರಾಣಿ ಅಂಗಡಿ. ಅಲ್ಲಿ ಚಹಾಪುಡಿಯ ಚೀಲಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ದೇವಣಿಯಿಂದ, ಶಿರೂರ ಅನಂತಪಾಳದಿಂದ ಸಂತೆಗೆ ಬಂದವರು ನಮ್ಮಲ್ಲೇ ಪುಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮಾವ ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿ, ಗಿರಾಕಿಯ ಮೂಗಿನ ಹತ್ತಿರ ಹಿಡಿದು, "ವಾಸ ನೋಡ್ರಿ, ವಾಸ" ಅನ್ನುತ್ತಿದ್ದರು. ಊರಿಗೆಲ್ಲ ವಾಸನೆ ತೋರಿಸುವ ಮನೆಯಲ್ಲಿ ನಾವು ಮೂವರು ಹೆಂಗಸರು ಚೋಥಾದ ನೀರು ಕುಡಿಯುತ್ತಿದ್ದೆವು. ಬಡತನವಿದ್ದು ಹಾಗೆ ಮಾಡಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ.

ನನ್ನ ತವರು ಉಮರ್ಗಾ. ಅಲ್ಲಿ ಎಲ್ಲ ಸರಿಯಾಗಿತ್ತು ಅಂತ ನಾನು ಹೇಳುವುದಿಲ್ಲ. ಅಪ್ಪ ಒಂದು ದಿನವೂ ಒಲೆಯ ಹತ್ತಿರ ಸುಳಿದವರಲ್ಲ. ಕುಳಿತಲ್ಲಿಗೆ ಕಪ್ಪು ಬರಬೇಕು, ಬಸಿಗೆ ಸುರಿದುಕೊಂಡು ಸೊರ್ ಅಂತ ಕುಡಿಯಬೇಕು, ಅಷ್ಟೇ. ಆದರೆ ಅವ್ವ ಹಿತ್ತಿಲಿನಿಂದ ಗವತಿ ಚಹಾದ, ಅಂದರೆ ನಿಂಬೆಹುಲ್ಲಿನ, ಎರಡು ಹಸಿ ಎಸಳು ಕಿತ್ತು ತಂದು, ಗಂಟು ಹಾಕಿ, ಪಾತೇಲಿಯಲ್ಲಿ ಬಿಟ್ಟು ಕುದಿಸಿದರೆ ಅದು ಎಲ್ಲರಿಗೂ. ಅಪ್ಪನಿಗೂ ಅದೇ, ಬಟ್ಟೆ ಒಗೆಯಲು ಬಂದವಳಿಗೂ ಅದೇ. ಪಾತೇಲಿ ಒಂದೇ ಇತ್ತು.

ಗಂಡನಿಗೆ ಹೇಳಿದೆ. ಅವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, "ಜಾವೂ ದೇ. ಚಹಾದ ಸಲೇಕ ಯಾಕ ಸಿಟ್ಟಾಗ್ತಿ?" ಅಂದರು. ಹೋಗಲಿ ಬಿಡು ಅನ್ನುವುದಕ್ಕೆ ನಮ್ಮ ಕಡೆ ಮರಾಠಿಯಲ್ಲಿ ಹೇಳುವ ಮಾತು ಅದು. ನನ್ನ ಗಂಡ ಅದನ್ನು ಉಸಿರಿನಷ್ಟು ಸಲೀಸಾಗಿ ಆಡುತ್ತಾರೆ. ಹೋಗಲಿ ಬಿಡು ಅನ್ನುವವರಿಗೆ ಪ್ರತಿ ದಿನ ಶುಂಠಿ ಏಲಕ್ಕಿಯ ಚಹಾ ಸಿಗುತ್ತಿತ್ತು.

ನಾನು ಬೆಳಗಿನ ಚಹಾ ಬಿಟ್ಟೆ. ತಲೆ ಸಿಡಿಯುತ್ತಿತ್ತು. ಗಂಡಸರಿಗೆ ಅದು ಗೊತ್ತೇ ಆಗಲಿಲ್ಲ. ಅತ್ತೆಗೆ ಗೊತ್ತಾಯಿತು. "ಬಿಟ್ಟಿ ಅಂದ್ರ ಛಲೋನೇ ಆಯ್ತು, ಪಿತ್ತ ಕಮ್ಮಿ ಆಗ್ತದ" ಅಂದರು. ಮಧ್ಯಾಹ್ನ ಅವರು ಮಲಗಿದ ಮೇಲೆ ನನಗೊಬ್ಬಳಿಗೇ ಒಂದು ಕಪ್ಪು ಕಡಕ್ ಚಹಾ ಮಾಡಿಕೊಂಡು ಹಿಂಬಾಗಿಲಲ್ಲಿ ನಿಂತು ಕುಡಿಯುತ್ತಿದ್ದೆ. ಕುಡಿದು ಕಪ್ಪು ತೊಳೆದು ಮೊದಲಿದ್ದ ಜಾಗದಲ್ಲೇ ಇಡುತ್ತಿದ್ದೆ. ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗೆ! ಆ ಚಹಾ ಗಂಟಲಿನಿಂದ ಇಳಿಯುವಾಗ ಅದರ ಜೊತೆಗೆ ಸಿಟ್ಟೂ ಇಳಿಯುತ್ತಿತ್ತು, ಹೊಟ್ಟೆಯಲ್ಲಿ ಹೋಗಿ ಕೂಡುತ್ತಿತ್ತು.

ಹೀಗೆಯೇ ವರ್ಷಗಳು ಹೋದವು. ನನಗೆ ಮಕ್ಕಳಾದವು. ನಾದಿನಿಯನ್ನು ನಿಲಂಗಾಕ್ಕೆ ಕೊಟ್ಟರು. ಅವಳ ಮನೆಯವರದೂ ವ್ಯಾಪಾರ, ಬಟ್ಟೆ ಅಂಗಡಿ.

ಒಂದು ದಿನ ನಾದಿನಿಯ ಗಂಡ ಮತ್ತು ಅವಳ ಮಾವ ಬರುತ್ತೇವೆಂದು ಹೇಳಿ ಕಳಿಸದೆ ಬಂದರು. ಬೀಗರು ಅಂದರೆ ನಮ್ಮ ಮಾವನಿಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಗಾದಿ ಹಾಸಿಸಿದರು, ಫ್ಯಾನು ಜೋರು ಮಾಡಿಸಿದರು. ಬೀಗರಿಗೆ ಸಕ್ಕರೆ ಬೇಡ, ಬೆಲ್ಲದ ಚಹಾ ಬೇಕೆಂದರು. ಬೆಲ್ಲದ ಚಹಾಕ್ಕೆ ತಾಳ್ಮೆ ಬೇಕು. ಬೆಲ್ಲ, ಚಹಾಪುಡಿ ಎರಡನ್ನೂ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಬಿಸಿ ಹಾಲು ಬೆರೆಸಬೇಕು. ಅವಸರ ಮಾಡಿದರೆ ಹಾಲು ಒಡೆಯುತ್ತದೆ. ಅತ್ತೆಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಪಡಸಾಲೆಯಿಂದ ಮಾವ ಕೂಗುತ್ತಲೇ ಇದ್ದರು.

"ಇನ್ನೂ ಆಗಿಲ್ಲೇನು? ಒಳಗ ಮಲಗೀರೇನು?"

ಅತ್ತೆ ಗಾಬರಿಯಾಗಿ ಒಲೆಯ ಮೇಲಿದ್ದಾಗಲೇ ಹಾಲು ಸುರಿದರು. ನೋಡನೋಡುತ್ತಿದ್ದಂತೆ ಚಹಾ ಒಡೆದು ಗಂಟುಗಂಟಾಯಿತು. ಅಷ್ಟರಲ್ಲಿ ಮಾವ ತಾವೇ ಒಳಗೆ ಬಂದರು. ಪಾತೇಲಿ ನೋಡಿದರು. ಇಕ್ಕಳದಿಂದ ಅದನ್ನು ಎತ್ತಿ, ಮೂಲೆಯ ಬಚ್ಚಲಿಗೆ ಇದ್ದ ರಭಸದಲ್ಲಿ ಚೆಲ್ಲಿದರು. ಅತ್ತೆ ಅಲ್ಲೇ ನಿಂತಿದ್ದರು. ಅರ್ಧ ಚಹಾ ಅವರ ಪಾದದ ಮೇಲೆ ಬಿತ್ತು.

ಬೇಕಂತಲೇ ಅವರ ಮೇಲೆ ಸುರಿದರು ಅಂತ ನಾನು ಹೇಳುವುದಿಲ್ಲ. ಆದರೆ ಮಾವ ಆ ಕಾಲನ್ನು ನೋಡಿದರು. ನಾನು ನೋಡಿದೆ, ಅವರು ನೋಡಿದ್ದನ್ನು. "ಇನ್ನೊಂದ್ ಮಾಡು, ಲಗೂನ" ಅಂದು ಹೊರಗೆ ಹೋಗಿ ಬೀಗರ ಜೊತೆ ನಗಲಿಕ್ಕೆ ಹತ್ತಿದರು.

ಅತ್ತೆ ಕಾಲಿನ ಮೇಲೆ ಒಂದು ತಂಬಿಗೆ ನೀರು ಸುರಿದುಕೊಂಡು ಮತ್ತೆ ಪಾತೇಲಿ ತೊಳೆಯಲು ಬಗ್ಗಿದರು. ನಾನು ಗ್ಯಾಸ್ ಆರಿಸಿ, ಸೆರಗು ಸರಿಮಾಡಿಕೊಂಡು ನೇರ ಪಡಸಾಲೆಗೆ ಹೋದೆ. ಬೀಗರ ಮುಂದೆ ಸೊಸೆಯಂದಿರು ಹಾಗೆ ಬಂದು ನಿಲ್ಲುವ ಪದ್ಧತಿ ನಮ್ಮಲ್ಲಿ ಇಲ್ಲ.

"ಮಾವರೀ, ಅತ್ತಿ ಕಾಲ ಮ್ಯಾಲ ಚಹಾ ಬಿದ್ದು ಸುಟ್ಟದ. ಇವತ್ತ ಈ ಮನ್ಯಾಗ ಚಹಾ ಆಗಂಗಿಲ್ರೀ."

ನಾದಿನಿಯ ಗಂಡ ಮೊಬೈಲ್ ನೋಡತೊಡಗಿದರು. ಬೀಗರು ಟೊಪ್ಪಿಗೆ ಕೈಗೆತ್ತಿಕೊಂಡರು. ಮಾವನ ಮುಖ ಕಪ್ಪಿಟ್ಟಿತು. ನನ್ನ ಗಂಡ ಅಂಗಡಿಯ ಬಾಗಿಲಲ್ಲಿ ನಿಂತು ನನಗೆ ಒಳಗೆ ಹೋಗು ಅಂತ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದರು. ನಾನು ಕದಲಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಹಿಂದಿನಿಂದ ಕಪ್ಪುಬಸಿಯ ಸದ್ದು ಕೇಳಿಸಿತು. ಅತ್ತೆ ಟ್ರೇ ಹಿಡಿದು ಕುಂಟುತ್ತಾ ಬಂದರು. ಟ್ರೇಯಲ್ಲಿ ಚಹಾ ಇತ್ತು.

"ಆಕಿಗಿ ತಿಳೀಲಿಲ್ರೀ ಬೀಗರ. ಯಾನೂ ಆಗಿಲ್ಲ. ತಗೋರಿ, ಆರ್ತದ."

ಬೀಗರೂ ಅವರ ಮಗನೂ ತೆಗೆದುಕೊಂಡರು. ಪಾದ ಕೆಂಪಗೆ ಉಬ್ಬಿದ್ದು ಸೀರೆಯ ಅಂಚಿನ ಕೆಳಗೆ ಕಾಣುತ್ತಿತ್ತು. ಅದನ್ನು ನೋಡಿಯೂ ಇಬ್ಬರೂ ಕಪ್ಪು ತೆಗೆದುಕೊಂಡರು, ಬಸಿಗೆ ಸುರಿದುಕೊಂಡರು, ಊದಿ ಊದಿ ಕುಡಿದರು. ಬೀಗರು ಮೀಸೆ ಒರೆಸಿಕೊಂಡು, "ಛಲೋ ಆಗ್ಯಾದ್ರೀ" ಅಂದರು.

ಅವರು ಹೋದ ಮೇಲೆ ಅತ್ತೆ ನನ್ನನ್ನು ಒಳಗೆ ಕರೆದರು. ಕಣ್ಣಲ್ಲಿ ನೀರಿತ್ತು, ಅದು ಸುಟ್ಟ ನೋವಿನದಲ್ಲ.

"ಮಂದಿ ಮುಂದ ನನ್ನ ಗಂಡನ ಮಾನ ತೆಗೀಲಾಕ ನೀ ಯಾರು?"

"ನಿಮ್ಮ ಕಾಲ ನೋಡ್ಕೋರಿ ಅತ್ತೀ."

"ಕಾಲ ನಂದದ."

ಆ ಕ್ಷಣ ಮಾವನಿಗಿಂತ ಹೆಚ್ಚು ಸಿಟ್ಟು ನನಗೆ ಅವರ ಮೇಲೆ ಬಂತು. ಮಾತಾಡಿದರೆ ಕೆಟ್ಟದ್ದನ್ನೇ ಆಡುತ್ತೇನೆ ಅನ್ನಿಸಿ, ಆಟೋ ಕರೆಸಿ ಅವರನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ಕುಳಿತಿದ್ದೆವು. ಗುಳ್ಳೆಗಳು ಒಡೆದು ಗಾಯವಾಗಿತ್ತು. ಕಾಲೂರಿ ನಿಲ್ಲಬಾರದು, ಅಡುಗೆಮನೆ ಕಡೆ ಹೋಗಲೇಬಾರದು ಅಂದರು ಡಾಕ್ಟರು.

ಹೀಗೆ ಅಡುಗೆಮನೆ ನನ್ನ ಕೈಗೆ ಬಂತು. ಮರುದಿನ ಬೆಳಿಗ್ಗೆ ಮನೆಮಂದಿಗೆಲ್ಲ ಸಾಲುವಷ್ಟು ಒಂದೇ ಪಾತೇಲಿಯಲ್ಲಿ ಚಹಾ ಮಾಡಿದೆ. ಸೋಸಿದ ಕೂಡಲೇ ಚೋಥಾವನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿ ಬಂದೆ. ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಕೇಳಲಿ, ಹಾಲು ಯಾಕೆ ಹೆಚ್ಚು ಹಿಡಿಯಿತು, ಪುಡಿಯ ಡಬ್ಬಿ ಯಾಕೆ ಬೇಗ ಖಾಲಿಯಾಯಿತು ಅಂತ ಕೇಳಲಿ ಅಂತ ಕಾದೆ. ಯಾರೂ ಕೇಳಲಿಲ್ಲ. ಮಾರನೆಯ ದಿನವೂ ಕೇಳಲಿಲ್ಲ. ಕೊನೆಗೆ ನನಗೇ ತಡೆಯಲಾಗದೆ, ಮಾವನ ಮುಂದೆ ಕಪ್ಪಿಡುವಾಗ ಕೇಳಿದೆ.

"ಮಾವರೀ, ಚಹಾದಾಗ ಯಾನರೆ ಫರಕ್ ಅನಸ್ತದೇನ್ರೀ?"

"ಇಲ್ಲಲ್ಲ. ಯಾಕ?"

"ಮದಲ ಎರಡ್ ಪಾತೇಲಿ ಆಗ್ತಿತ್ರೀ. ನಿಮಗೊಂದು, ನಮಗೊಂದು. ಈಗ ಒಂದೇ ಮಾಡ್ತೀನಿ."

"ಎರಡ್ ಪಾತೇಲಿ?" ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಚೋಥಾ, ನೀರು, ಹಾಲಿನ ಪಾತ್ರೆ ತೊಳೆದ ನೀರು, ಎಲ್ಲ ಹೇಳಿದೆ. ಅವರು ಕಪ್ಪನ್ನು ಕೆಳಗಿಟ್ಟು, "ಇಷ್ಟ್ ವರ್ಸ ಆಕಿ ಚೋಥಾ ಕುಡದಾಳೇನು?" ಅಂದರು. ಧ್ವನಿಯಲ್ಲಿ ನಾಟಕವಿರಲಿಲ್ಲ. ಖರೆಯೇ ಅವರಿಗೆ ಗೊತ್ತಿರಲಿಲ್ಲ.

ಅದನ್ನು ಕೇಳಿ ನನ್ನ ಮನಸ್ಸು ಕರಗಿತು ಅಂತ ಯಾರಾದರೂ ಅಂದುಕೊಂಡರೆ ತಪ್ಪು. ಅವರು ಹಾಕಿದ ಕಟ್ಟಳೆಯಾಗಿದ್ದರೆ ಅವರ ಜೊತೆ ಜಗಳವಾಡಬಹುದಿತ್ತು. ಗಿರಾಕಿಯ ಮುಖ ನೋಡಿ ಯಾವ ಪುಡಿ ಬೇಕೆಂದು ಹೇಳುವ ಮನುಷ್ಯ, ತನ್ನ ಹೆಂಡತಿಯ ಕಪ್ಪಿನೊಳಗೆ ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ನೋಡದೇ ಇದ್ದವನ ಜೊತೆ ಹೇಗೆ ಜಗಳವಾಡುವುದು?

ಮಾವ ಎದ್ದು ಅತ್ತೆ ಮಲಗಿದ್ದ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತೆ.

"ನನಗ್ಯಾಕ ಹೇಳ್ಲಿಲ್ಲ?"

ಒಳಗಿನಿಂದ ಅತ್ತೆಯ ಧ್ವನಿ ಬಂತು.

"ನೀವ್ ಯಾವಾಗ ಕೇಳೀರಿ?"

ಮಾವ ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಅಂಗಡಿಗೆ ಹೋದರು. ಕಾಲಿನ ಬಗ್ಗೆ ಅವರು ಆವತ್ತೂ ಒಂದು ಮಾತು ಆಡಲಿಲ್ಲ, ಆಮೇಲೂ ಆಡಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅತ್ತೆಗೆ ನನ್ನ ಚಹಾ ಸೇರಲಿಲ್ಲ. "ಕಡಕ್ ಆಗ್ಯಾದವ್ವ, ಎದಿ ಉರೀತದ" ಅಂದು ಕಪ್ಪನ್ನು ದೂಡಿದರು. "ಆ ಚೋಥಾದ್ದೇ ಮಾಡಿ ಕೊಡು."

"ಚೋಥಾ ಕೊಡಂಗಿಲ್ಲ."

"ನಾ ಕುಡಿಯೂದು, ನಿನಗೇನು?"

"ನಾ ಕೊಡಂಗಿಲ್ಲ ಅತ್ತೀ."

ಒಂದಷ್ಟು ದಿನ ನಾವಿಬ್ಬರೂ ಹೀಗೆಯೇ ಕಚ್ಚಾಡಿದೆವು. ಒಂದು ಬೆಳಿಗ್ಗೆ ನಾನು ಬೇಸತ್ತು, ಕೈಯಲ್ಲಿದ್ದ ಜರಡಿಯನ್ನು ಕಟ್ಟೆಯ ಮೇಲೆ ಕುಕ್ಕಿ, "ಹಂಗಾರ ಲಗ್ನಕ್ಕಿಂತ ಮದಲ ನಿಮ್ಮ ತವರಮನ್ಯಾಗ ಹ್ಯಾಂತಾದ್ದು ಕುಡೀತಿದ್ರಿ, ಅದರೆ ಹೇಳ್ರಿ" ಅಂದೆ. ಜಗಳದ ಧ್ವನಿಯಲ್ಲೇ ಕೇಳಿದ್ದು. ಅವರು ಯೋಚಿಸಿದರು. ಅವರ ತವರು ಮಾಕಣಿ. ಅಲ್ಲಿ ಅವರವ್ವ ಕೋರಾ ಚಹಾ ಮಾಡುತ್ತಿದ್ದರಂತೆ, ಹಾಲಿಲ್ಲದ್ದು. ಬೆಲ್ಲ, ನಾಲ್ಕು ತುಳಸಿ ಎಲೆ, ಚೂರೇ ಪುಡಿ.

ಮಾಡಿಕೊಟ್ಟೆ. ಸೋಸಿದರೆ ಬೆಳಗಿನ ಬಿಸಿಲಿನ ಬಣ್ಣವಿತ್ತು. ಅತ್ತೆ ಗೋಡೆಗೆ ಒರಗಿ ಕುಳಿತು, ಎರಡೂ ಕೈಯಲ್ಲಿ ಲೋಟ ಹಿಡಿದು ನಿಧಾನ ಕುಡಿದರು. "ಇದ್ ನೋಡು" ಅಂದರು. ಅಷ್ಟೇ. ಗಾಯ ಮಾಯ್ದ ಮೇಲೂ ಅವರು ಅದನ್ನೇ ಕುಡಿದರು, ಈಗಲೂ ಅದನ್ನೇ ಕುಡಿಯುತ್ತಾರೆ.

ಬೀಗರ ಮನೆಯಲ್ಲಿ ಸುದ್ದಿ ಸುಮ್ಮನೆ ಕೂರಲಿಲ್ಲ. ನಾದಿನಿ ನಿಲಂಗಾದಿಂದ ಫೋನ್ ಮಾಡಿದಳು. "ವೈನಿ, ಚಹಾದ ಸಲೇಕ ನೀ ಮನಿತನದ ಮರ್ಯಾದಿ ತೆಗದಿ. ಇಲ್ಲಿ ನನಗ ದಿನಾ ಚುಚ್ಚಿ ಚುಚ್ಚಿ ಟೋಮಣೆ ಹೊಡೀಲಾಕತ್ಯಾರ."

ನಾನು ಕೇಳಿದೆ, "ನಿಮ್ಮ ಮನ್ಯಾಗ ನೀ ಎಂಥಾ ಚಹಾ ಕುಡೀತಿ?"

ಅವಳ ಹಿಂದೆ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಫೋನ್ ಕಟ್ಟಾಯಿತು.

ಮುಂದಿನ ಶ್ರಾವಣದಲ್ಲಿ ಅವಳು ಉದಗೀರಕ್ಕೆ ಬಂದಳು. ನನ್ನ ಜೊತೆ ಹೆಚ್ಚು ಮಾತಿಲ್ಲ. ಮರುದಿನ ಬೆಳಿಗ್ಗೆ ತಾನೇ ಚಹಾ ಮಾಡಿ, ಅಪ್ಪನಿಗೊಂದು ಕಪ್ಪು, ತನಗೊಂದು ಕಪ್ಪು ತೆಗೆದುಕೊಂಡು ಹೋಗಿ ಪಡಸಾಲೆಯ ಗಾದಿಯ ಮೇಲೆ ಅಪ್ಪನ ಪಕ್ಕದಲ್ಲೇ ಕುಳಿತಳು. ಮಾವ ಒಂದು ಗುಟುಕು ಕುಡಿದು, "ಸಕ್ರಿ ಕಮ್ಮಿ ಆಗ್ಯಾದ, ತಗೊಂಡ್ ಬಾ" ಅಂದರು.

ಅವಳು ಬಸಿಯಿಂದ ಮುಖ ಎತ್ತದೆ, "ಡಬ್ಬಿ ಕಟ್ಟಿ ಮ್ಯಾಲ ಅದ ಅಪ್ಪಾ" ಅಂದಳು.

ಮಾವ ಅವಳನ್ನು ನೋಡಿದರು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಅಡುಗೆಮನೆಗೆ ಬಂದು, ಡಬ್ಬಿ ಹುಡುಕಿ, ಒಂದು ಚಮಚೆ ಸಕ್ಕರೆ ಹಾಕಿಕೊಂಡು ಹೋದರು. ನಾನು ರೊಟ್ಟಿ ಬಡಿಯುತ್ತಾ ನೋಡಿದೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಪಡಸಾಲೆಯಿಂದ ಅಡುಗೆಮನೆಗೆ ಅಷ್ಟು ಸುಲಭವಾಗಿ ನಡೆದು ಬರಬಹುದಿತ್ತು ಅನ್ನುವುದನ್ನು ಕಣ್ಣಾರೆ ಕಂಡು ನನ್ನ ಸಿಟ್ಟು ಇನ್ನಷ್ಟು ಹೆಚ್ಚಾಯಿತು.