ಮೈಕ್ ಬೇಡವೆಂದ ಮೇಲ್ಮನೆಯ ಅಕ್ಕ

ಇವತ್ತು ಬೆಳಿಗ್ಗೆ ಮಗಳು ಲೋಟದ ನೀರಿಗೆ ಸ್ಟ್ರಾ ಇಳಿಬಿಟ್ಟು ಗುಳುಗುಳು ಊದುತ್ತಿದ್ದಳು. ಬೈಯಲೆಂದು ಬಾಯಿ ತೆರೆದವಳು ಹಾಗೇ ನಿಂತೆ. ಆ ಸದ್ದು ನನ್ನನ್ನು, ಬಂಗಾಳಿಗಳ ನಡುವೆ ನಾನು ಬೆಳೆದ ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸಿಗೆ ಎಳೆದೊಯ್ದಿತ್ತು…

ಅಲ್ಲಿ ನಮ್ಮ ಮೇಲ್ಮನೆಯಲ್ಲಿ ಮಂಗಳೂರಿನ ಕ್ರೈಸ್ತ ಕುಟುಂಬವಿತ್ತು. ಆ ಮನೆಯ ಅಕ್ಕ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತ ಸೊಪ್ರಾನೋ, ಅಂದರೆ ಹೆಂಗಸರಲ್ಲೇ ಅತಿ ಎತ್ತರದ ದನಿಯವಳು. ದಿನಾ ಬೆಳಿಗ್ಗೆ ನೀರಿನ ಬಾಟಲಿಗೆ ಸ್ಟ್ರಾ ಹಾಕಿ, ಅದರ ಮೂಲಕವೇ ದನಿಯೆಳೆದು ಗುಳ್ಳೆ ಎಬ್ಬಿಸುತ್ತಿದ್ದಳು. ಗಂಟಲು ಹದವಾಗಲು ಅದು ಅವಳ ಸಾಧನೆ. ಧಾರವಾಡದ ನಮ್ಮಮ್ಮನಿಗೆ ಮಾತ್ರ ಅದರ ತಲೆಬುಡ ತಿಳಿಯುತ್ತಿರಲಿಲ್ಲ. “ಅಯ್ಯ, ಇಷ್ಟ್ ದೊಡ್ಡಾಕ್ಯಾಗಿ ನೀರಾಗ ಆಟಾ ಆಡ್ತಾಳಲ್ಲಾ,” ಎನ್ನುತ್ತಿದ್ದಳು.

ಆಗ ಊರಂಚಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಇಂಗ್ಲಿಷ್ ಬಂದರೆ ಸಾಕು, ಕಾಲ್ ಸೆಂಟರಿನವರು ಕರೆದು ಕೂರಿಸುತ್ತಿದ್ದರು. ಅಕ್ಕನಿಗೂ ಕೆಲಸ ಸಿಕ್ಕಿತು. ಇಡೀ ಪಾಳಿ ಫೋನಿನಲ್ಲಿ ಮಾತಾಡಿದರೆ ಗಂಟಲು ಹಾಳಾಗುತ್ತದೆಂದು ಅವಳು ಒಪ್ಪಲಿಲ್ಲ. ಚರ್ಚಿನ ಮದುವೆಗಳಲ್ಲಿ ಹಾಡಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಅವಳಪ್ಪ ರೇಗುತ್ತಿದ್ದುದು ನಮ್ಮ ಮನೆಗೂ ಕೇಳುತ್ತಿತ್ತು. ಕೊನೆಗೆ ಅಕ್ಕನೇ ಪಂಥ ಕಟ್ಟಿದಳು.

“ಪಪ್ಪ, ಪೂಜೆ ಮುಗಿದ ಮೇಲೆ ನಮ್ಮ ಪಾಡಾದ ಫಂಕ್ಷನ್ ಉಂಟಲ್ಲ, ಅಲ್ಲಿ ಹಾಡ್ತೇನೆ. ನೀವು ಕಡೇ ಸಾಲಲ್ಲಿ ಕೂತ್ಕೊಳ್ಳಿ. ಮೈಕ್ ಇಲ್ಲದೆ ನನ್ನ ಸ್ವರ ನಿಮಗೆ ಕೇಳದಿದ್ರೆ ಸೋಮವಾರವೇ ಕೆಲಸಕ್ಕೆ ಹೋಗ್ತೇನೆ.”

ಪಾಡಾ ಅಂದರೆ ಬಂಗಾಳಿಯಲ್ಲಿ ಕೇರಿ. ಮೈಕಿಲ್ಲದೆ ಹಾಡುವುದು ಅವಳ ವಿದ್ಯೆಯ ಪದ್ಧತಿ. ದುರ್ಗಾಪೂಜೆಯ ಪೆಂಡಾಲಿನಲ್ಲಿ ಅಂಥದ್ದನ್ನು ಯಾರು ಕಂಡಿದ್ದರು! ಮೈಕಿನವನು ಸ್ಟ್ಯಾಂಡನ್ನು ಅವಳ ಬಾಯಿಗೆ ಹತ್ತಿರ ತಂದಿಟ್ಟ. ಅವಳು ದೂರ ಸರಿಸಿದಳು. ಕೆಟ್ಟಿದೆಯೆಂದುಕೊಂಡು ಪಾಪ, ಇನ್ನೊಂದು ತಂದ. ಅದನ್ನೂ ಸರಿಸಿದಳು. ಜನ ಗೊಳ್ಳೆಂದರು. ಮೊದಲ ಸ್ವರಕ್ಕೆ ನಾವು ಹುಡುಗಿಯರೂ ಕಿಸಕ್ಕೆಂದೆವು. ಅವಳು ನಿಲ್ಲಿಸಲಿಲ್ಲ. ನಮ್ಮನ್ನೇ ದಿಟ್ಟಿಸುತ್ತ ದನಿ ಏರಿಸಿದಳು, ಇನ್ನೂ ಏರಿಸಿದಳು… ನಗು ಅಡಗಿತು.

ಹಾಡು ಮುಗಿದಾಗ ತಿರುಗಿ ಕಡೆಯ ಸಾಲು ನೋಡಿದೆ. ಅವಳಪ್ಪ ಕೈಕಟ್ಟಿ ಕೂತಿದ್ದರು. ಅಕ್ಕ ನೇರ ಅವರ ಮುಂದೆ ಬಂದು ನಿಂತಳು. “ಕೇಳಿತು,” ಎಂದರು, ಅಷ್ಟೇ. ಸೋಮವಾರ ಬೆಳಿಗ್ಗೆ ಮೇಲ್ಮನೆಯಿಂದ ಎಂದಿನಂತೆ ಗುಳುಗುಳು ಸದ್ದು ಬಂತು.

ಆಮೇಲೆ ಅವಳು ಎಲ್ಲೆಲ್ಲೋ ಹಾಡಿದಳು, ಒಮ್ಮೆಯೂ ಆ ಗಾಜಿನ ಕಟ್ಟಡಗಳ ಮೆಟ್ಟಿಲು ಹತ್ತಲಿಲ್ಲ. ಕಳೆದ ಚಳಿಗಾಲದಲ್ಲಿ ಕಾಯಿಲೆ ಅವಳನ್ನು ಒಯ್ದಿತು… ನೆನಪಿನ ಸಭೆಯಲ್ಲಿ ನನಗೂ ಎರಡು ಮಾತಾಡಲು ಹೇಳಿದರು. ನಾನೂ ಹಟಕ್ಕೆ ಬಿದ್ದು ಮೈಕನ್ನು ಪಕ್ಕಕ್ಕಿಟ್ಟೆ. ತೀರಾ ವಯಸ್ಸಾದ ಅವಳಪ್ಪ ಅಲ್ಲಿಯೂ ಕಡೆಯ ಸಾಲಿನಲ್ಲೇ ಕೂತಿದ್ದರು. ಹತ್ತಿರ ಹೋಗಿ, ಕೇಳಿಸಿತೇ ಎಂದೆ.

“ಇಲ್ಲ ಮಾರಾಯ್ತಿ,” ಎಂದರು. “ಅವಳದ್ದಾದ್ರೆ ಕೇಳ್ತಿತ್ತು.”

ಮಗಳು ಸ್ಟ್ರಾ ಬಾಯಲ್ಲಿಟ್ಟುಕೊಂಡೇ ನನ್ನ ಮುಖ ನೋಡುತ್ತಿದ್ದಳು, ಬೈಗುಳಕ್ಕೆ ಕಾಯುತ್ತ.

“ಊದು,” ಎಂದೆ. “ಇನ್ನೂ ಜೋರಾಗಿ ಊದು.”