ಬತ್ತಿದ ಬಾವಿಗಳಿಗೆ ನಾನು ಬರೆದ ಸೊನ್ನೆ

ಹೋದ ತಿಂಗಳು ನನ್ನ ಮಗಳು ಭಾರತಿಯ ಲ್ಯಾಪ್‌ಟಾಪಿನಲ್ಲಿ ಕೆಂಪಕ್ಷರದ ಒಂದು ಸಾಲು ಕಂಡಿತು. ಆವತ್ತಿನಿಂದ ನನ್ನ ಸಿಟ್ಟು ಇಳಿದಿಲ್ಲ. ನಿಮ್ಮ ಮೇಲೆ ಕೂಗಾಡಿದಂತೆ ಕಂಡರೆ ಸಹಿಸಿಕೊಳ್ಳಿ. ಕೂಗಬೇಕಾದದ್ದು ನನ್ನ ಮೇಲೇ.

ಭಾರತಿ ಹಿಂದೂಪುರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಈ ಕಡೆಯ ತೆರೆದ ಬಾವಿಗಳ ನೀರಿನ ಮಟ್ಟದ ಹಳೆಯ ಫೈಲೊಂದನ್ನು ಎಲ್ಲಿಂದಲೋ ತರಿಸಿ ಕಂಪ್ಯೂಟರಿಗೆ ಓದಿಸುತ್ತಿದ್ದಳು. ಬಾವಿಯ ಬಾಯಿಂದ ಎಷ್ಟು ಅಡಿ ಕೆಳಗೆ ನೀರಿದೆ ಎಂಬುದು ಅದರಲ್ಲೊಂದು ಕಾಲಂ. ಅಂಕಿಯಾಗಿ ಬರಬೇಕಾದದ್ದು ಅಕ್ಷರವಾಗಿ ಬಂದಿದೆ ಎಂದು ಆ ಕೆಂಪು ಸಾಲು ಹೇಳುತ್ತಿತ್ತು.

“ನೋಡಪ್ಪ, ಇಷ್ಟೊಂದು ಅಂಕಿ ಮಧ್ಯೆ ಯಾರೋ ಒಂದ್ಕಡೆ ‘ಡ್ರೈ’ ಅಂತ ಬರ್ದವ್ರೆ. ಅದೊಂದಕ್ಕೆ ಇಡೀ ಕಾಲಮ್ಮನ್ನೇ ಅಕ್ಷರ ಅಂದ್ಕೊಂಡ್ಬುಟ್ಟೈತೆ. ಕೂಡಕ್ಕೂ ಆಗಲ್ಲ, ಕಳಿಯಕ್ಕೂ ಆಗಲ್ಲ. ಎಲ್ಲಾನೂ ಅಂಕಿ ಮಾಡು ಅಂದ್ರೆ ಅದೊಂದು ಖಾಲಿ ಆಗ್ತದೆ. ತಪ್ಪು ಹೋಯ್ತು, ಫೈಲು ಚೊಕ್ಕ.”

“ಅದು ತಪ್ಪಲ್ಲ ಕಣಮ್ಮ,” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. “ಬತ್ತಿದ ಬಾವೀನ ಬತ್ತೈತೆ ಅಂತ ಹೇಳ್ತಿರೋದು ಅದೊಂದೇ. ಮಿಕ್ಕ ಕಡೆ ಸೊನ್ನೆ ಐತಲ್ಲ, ಅವೆಲ್ಲಾ ನಾನ್ ಬರ್ದಿದ್ದು.”

ನಾನು ಹತ್ತನೆಯ ತರಗತಿ ಪಾಸು, ಜೊತೆಗೆ ಟೈಪಿಂಗ್. ಆ ಬಲದ ಮೇಲೆ ಬಾವಿ ಅಳತೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕಂಪ್ಯೂಟರು ಬಂದಾಗ ಅದರ ಮುಂದೆ ಕೂರುವವನು ನಾನೊಬ್ಬನೇ ಎಂಬ ಜಂಬ ಬೇರೆ. ಅದಕ್ಕೆ ಹೊದಿಸುವ ಬಟ್ಟೆಯನ್ನು ಮನೆಗೆ ತಂದು ಒಗೆಸುತ್ತಿದ್ದೆ ಎಂದರೆ ನೀವೇ ಲೆಕ್ಕ ಹಾಕಿ.

ಕಲ್ಯಾಣದುರ್ಗದ ಕಡೆಯ ಬಾವಿಗಳನ್ನು ಅಳೆಯುತ್ತಿದ್ದವನು ನರಸಿಂಹಪ್ಪ. ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಹೋಗಿ, ತುದಿಗೆ ಗುಂಡು ಕಟ್ಟಿದ ಟೇಪನ್ನು ಇಳಿಬಿಟ್ಟು, ಕೆಳಗಿನ ಸದ್ದಿಗೆ ಕಿವಿಗೊಡುತ್ತಿದ್ದ. ಗುಂಡು ಕಲ್ಲಿಗೆ ತಾಗಿದರೆ ಪುಸ್ತಕದಲ್ಲಿ ‘ಡ್ರೈ’ ಎಂದು ಬರೆಯುತ್ತಿದ್ದ. ಪುಸ್ತಕ ಕೊಡಲು ಹಿಂದೂಪುರಕ್ಕೆ ಬಂದ ದಿನ ಅವನ ಬುತ್ತಿಯ ಕಡಲೆಕಾಯಿ ಚಟ್ನಿಯಲ್ಲಿ ಅರ್ಧ ನನ್ನದು. ಆ ಚಟ್ನಿ ತಿನ್ನುತ್ತಲೇ ನಾನು ಈ ಕೆಲಸ ಮಾಡಿದೆ.

ಕಾಲಂನಲ್ಲಿ ಅಂಕಿ ಬಿಟ್ಟು ಬೇರೇನೂ ಇರಕೂಡದು ಎಂದು ಕಚೇರಿಯ ಸಾಹೇಬರು ಹೇಳಿದ್ದರು.

“ನೀರಿಲ್ಲ ಅಂದ್ರೆ ಸೊನ್ನೆ, ಅಷ್ಟೇ ತಾನೆ?” ಎಂದೆ ನರಸಿಂಹಪ್ಪನಿಗೆ.

“ಸೊನ್ನೆ ಅಂದ್ರೆ ನೀರು ಬಾವಿ ಬಾಯಿಗೇ ಬಂದೈತೆ ಅಂತ ಆಯ್ತದೆ ಸಾಮಿ, ಬಗ್ಗಿ ಚೊಂಬಲ್ಲಿ ಮೊಗಿಯಂಗೆ. ಅಲ್ಲಿ ಒಂದು ಕಪ್ಪೆನೂ ಇಲ್ಲ.”

“ನೀನು ಬಾವಿ ನೋಡ್ಕೊ ಹೋಗಪ್ಪ. ಕಂಪ್ಯೂಟ್ರು ನಾನ್ ನೋಡ್ಕೊಂತೀನಿ.”

ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಆಸೆ ಈಗಲೂ ಇದೆ. ಅದು ಸುಳ್ಳು. ಅವನ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು. ಸಾಹೇಬರನ್ನು ಕೇಳಿದರೆ ಇವನಿಗೆ ಕಂಪ್ಯೂಟರು ಬರುವುದಿಲ್ಲ ಎಂದಾರೆಂದು ಹೆದರಿ, ಕಂಡ ‘ಡ್ರೈ’ಗಳನ್ನೆಲ್ಲ ಸೊನ್ನೆ ಮಾಡಿದೆ. ಒಂದು ಕಣ್ತಪ್ಪಿ ಉಳಿಯಿತು.

ಕಂಪ್ಯೂಟರಿನಿಂದ ಅಚ್ಚಾಗಿ ಬಂದ ಕಾಗದದಲ್ಲಿ ಕಲ್ಯಾಣದುರ್ಗದ ಬಾವಿಗಳು ಬೇಸಿಗೆಯಲ್ಲಿ ತುಂಬಿ ನಿಂತಿದ್ದವು. ಇವನು ಮನೆಯಲ್ಲೇ ಕೂತು ಬರೆದಿದ್ದಾನೆ ಎಂದು ಸಾಹೇಬರು ನರಸಿಂಹಪ್ಪನನ್ನು ಕೆಲಸದಿಂದ ತೆಗೆದರು. ಅವನ ಪುಸ್ತಕ ನನ್ನ ಬೀರುವಿನಲ್ಲಿತ್ತು. ತೆಗೆದು ತೋರಿಸಿದ್ದರೆ ಸಾಕಿತ್ತು. ಅವನು ನನ್ನ ಮುಖ ನೋಡಿದ. ನಾನು ಕೀಲಿಮಣೆ ನೋಡಿದೆ.

ಮಗಳ ಮುಂದೆ ಮೊದಲು ಆ ಯಂತ್ರವನ್ನೇ ಬೈದೆ. ನನ್ನ ಸುಳ್ಳು ಸೊನ್ನೆಗಳನ್ನೆಲ್ಲ ತುಟಿಪಿಟಕ್ಕೆನ್ನದೆ ನುಂಗಿ, ನರಸಿಂಹಪ್ಪನ ಒಂದು ನಿಜಕ್ಕೆ ಅರಚಿಕೊಂಡಿತ್ತಲ್ಲ. ಬೈದು ಮುಗಿದ ಮೇಲೆ ನಾಚಿಕೆಯಾಯಿತು. ಯಂತ್ರಕ್ಕಾದರೆ ಬಾವಿಯ ವಿಷಯ ಯಾರೂ ಬಿಡಿಸಿ ಹೇಳಿರಲಿಲ್ಲ. ನರಸಿಂಹಪ್ಪನ ಕೆಲಸ ಹೋದ ಕತೆಯನ್ನೂ ಮಗಳಿಗೆ ಹೇಳಿದೆ.

“ಸೊನ್ನೆ ತೆಗ್ದು, ಪಕ್ಕದಾಗೆ ಇನ್ನೊಂದು ಕಾಲಂ ಮಾಡಿ ‘ಡ್ರೈ’ ಅಂತ ಹಾಕ್ತೀನಿ,” ಎಂದಳು ಭಾರತಿ, ನನ್ನತ್ತ ನೋಡದೆ. “ಫೈಲು ನನಗೆ ಬಿಡು. ಅವ್ರತ್ರ ನೀನೇ ಹೋಗ್ಬೇಕು.”

ಸೋಮವಾರ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಮನೆ ಜಗುಲಿಯ ಮೇಲೆ ನರಸಿಂಹಪ್ಪ ಎಲ್ಲವನ್ನೂ ಕೇಳಿಸಿಕೊಂಡ.

“ಇದನ್ನ ನನಗ್ಯಾಕೆ ಹೇಳ್ತೀಯ? ನನಗೆ ಗೊತ್ತಿದ್ದದ್ದೇ.” ಒಳಗೆ ಹೋಗಿ ಅಂಗಿ ತೊಟ್ಟು ಬಂದ. “ನಡಿ.”

ಕರೆದುಕೊಂಡು ಹೋದದ್ದು ಟೀ ಅಂಗಡಿಗೆ. ಬೆಂಚಿನ ಮೇಲೆ ಅವನ ವಯಸ್ಸಿನವರೇ ನಾಲ್ವರು. ಅವರಲ್ಲೊಬ್ಬ ದಿನದ ರೂಢಿಯಂತೆ, “ಬಂದ್ನಪ್ಪ, ಕೂತಲ್ಲೇ ಬಾವಿ ತುಂಬ್ಸೋನು,” ಎಂದ. ಇಷ್ಟು ವರ್ಷವೂ ಇದನ್ನು ಕೇಳುತ್ತಾ ಟೀ ಕುಡಿದಿದ್ದಾನೆ ಎಂದು ನನಗೆ ಆಗಲೇ ಗೊತ್ತಾದದ್ದು.

ನರಸಿಂಹಪ್ಪ ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿದ. “ಈಗ ಹೇಳು ಸಾಮಿ.”

ಹೇಳಿದೆ. ಹೀಯಾಳಿಸಿದವನಿಗೆ ಕಿವಿ ಮಂದ. “ಏಮಂಟಾಡು?” ಎಂದು ಪಕ್ಕದವನನ್ನು ಕೇಳಿದ, ಏನಂತಾನೆ ಇವನು ಎಂದು.

“ತೆಲುಗಲ್ಲಿ ಹೇಳು,” ಎಂದ ನರಸಿಂಹಪ್ಪ. “ಗಟ್ಟಿಯಾಗಿ.”

ತೆಲುಗಿನಲ್ಲಿ ಹೇಳಿದೆ. ಅಷ್ಟರಲ್ಲಿ ಆಟೋದವರು ಇಬ್ಬರು ಬಂದು ಏನು ವಿಷಯ ಎಂದರು. ನರಸಿಂಹಪ್ಪ ನನ್ನ ಭುಜದಿಂದ ಕೈ ತೆಗೆದು, ಬೆಂಚಿನ ಮೇಲೆ ಕೂತು ಟೀ ತರಲು ಹೇಳಿದ. ಈಗ ನನ್ನನ್ನು ಯಾರೂ ಹಿಡಿದಿರಲಿಲ್ಲ. ನಾನು ನಿಂತಲ್ಲೇ ನಿಂತು ಮೊದಲಿನಿಂದ ಶುರುಮಾಡಿದೆ.